ಜರ್ಮನಿಗೆ ಕಳುಹಿಸುವ ಮುನ್ನ: ಕರ್ನಾಟಕದ ಕೌಶಲ್ಯಾಭಿವೃದ್ಧಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ,

ಆದರಪೂರ್ವಕ ನಮಸ್ಕಾರಗಳು.

ಹಾಸನ ಜಿಲ್ಲೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ, ಈಗ ಬಹುಕಾಲದಿಂದ ಜರ್ಮನಿಯ ಬಾಡನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಎಂಜಿನಿಯರ್ ಆಗಿ ದುಡಿಯುತ್ತಿರುವ ನಾನು ಈ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ. ಮಕ್ಕಳನ್ನು ಇಲ್ಲಿಗೆ ಕಳುಹಿಸಲು ಸಾಲ ಮಾಡುತ್ತಿರುವ ತಂದೆತಾಯಂದಿರೂ ಓದಲಿ ಎಂಬ ಆಸೆಯಿಂದ ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಕೆಲಸ ಮುಗಿದ ಮೇಲೆ, ರಜೆಯ ದಿನಗಳಲ್ಲಿ, ಹೊಸದಾಗಿ ಬಂದ ಕನ್ನಡಿಗರ ಜೊತೆ ಕಚೇರಿಗಳಿಗೆ ಹೋಗುವುದು, ಅವರಿಗೆ ಬಂದ ಕಾಗದಗಳನ್ನು ಓದಿ ಅರ್ಥ ಹೇಳುವುದು, ಉತ್ತರ ಬರೆದುಕೊಡುವುದು ನನ್ನ ಪಾಲಿಗೆ ಬಂದಿರುವ ಇನ್ನೊಂದು ಕೆಲಸ. ನಾನು ಇಲ್ಲಿ ಹೇಳಲಿರುವ ಮಾತುಗಳಲ್ಲಿ ಹೆಚ್ಚಿನವು ಆ ಕೆಲಸದಿಂದ ತಿಳಿದವು.

ತಮ್ಮ ಇಲಾಖೆಯ ಅಂತರರಾಷ್ಟ್ರೀಯ ವಲಸೆ ಕೇಂದ್ರವು ರಾಜ್ಯದ ನರ್ಸುಗಳಿಗೂ ತಂತ್ರಜ್ಞರಿಗೂ ವಿದೇಶದ ಉದ್ಯೋಗದ ದಾರಿ ತೋರಿಸಲು ಮುಂದಾಗಿರುವುದು ಸಂತೋಷದ ಸಂಗತಿ. ಆ ದಾರಿಯಲ್ಲಿ ಹೊರಡುವವರಿಗೆ ಜರ್ಮನಿಯ ಪೂರ್ತಿ ಚಿತ್ರವನ್ನು, ಅವರು ಯಾವ ಕಾಗದಕ್ಕೂ ಸಹಿ ಹಾಕುವ ಮುನ್ನ, ಕನ್ನಡದಲ್ಲಿ ಕೊಡಿ ಎಂಬುದು ನನ್ನ ಕೋರಿಕೆ. ಈ ದೇಶಕ್ಕೆ ನಮ್ಮ ಜನ ಬೇಕಾಗಿದ್ದಾರೆ. ಹಾಗಿದ್ದೂ ಬಂದವರನ್ನು ಇದರ ಕಚೇರಿಗಳು ತಿಂಗಳುಗಟ್ಟಲೆ ಕಾಯಿಸುತ್ತವೆ, ಇದರ ರಾಜಕೀಯ ಅವರನ್ನು ಕಂಡು ಮುಖ ಸಿಂಡರಿಸುತ್ತದೆ. ಮೇಳಗಳಲ್ಲಿ ಹಂಚುವ ಬಣ್ಣದ ಕರಪತ್ರಗಳಲ್ಲಿ ಮೊದಲನೆಯ ಸಂಗತಿ ಮಾತ್ರ ಇರುತ್ತದೆ.

ಬೇಕಾಗಿದ್ದಾರೆ ಎಂಬುದಕ್ಕೆ ಸಾಕ್ಷಿ ಹುಡುಕಬೇಕಾಗಿಲ್ಲ. ಎರಡನೆಯ ಮಹಾಯುದ್ಧದ ನಂತರ, ಮುಖ್ಯವಾಗಿ 1950 ಮತ್ತು 60ರ ದಶಕಗಳಲ್ಲಿ ಹುಟ್ಟಿದ ದೊಡ್ಡ ಪೀಳಿಗೆ ಈಗ ನಿವೃತ್ತಿಯಾಗುತ್ತಿದೆ. ಅವರ ಜಾಗ ತುಂಬಲು ವರ್ಷಕ್ಕೆ ಸುಮಾರು ನಾಲ್ಕು ಲಕ್ಷ ಜನ ಹೊರಗಿನಿಂದ ಬಂದು ನೆಲೆಸಬೇಕಾಗುತ್ತದೆ ಎಂದು ಇಲ್ಲಿನ ಸರ್ಕಾರಿ ಉದ್ಯೋಗ ಸಂಶೋಧಕರೇ ಲೆಕ್ಕ ಹಾಕಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಆಗಿನ ಚಾನ್ಸಲರ್ ಓಲಾಫ್ ಶೋಲ್ಜ್ ದೆಹಲಿಗೆ ಬಂದಾಗ, ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳ ಸಂಖ್ಯೆಯನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ ಪ್ರಕಟಿಸಿತು. ಅದೇ ವರ್ಷದ ಜೂನ್ 1ರಿಂದ, ಕೈಯಲ್ಲಿ ಕೆಲಸ ಇಲ್ಲದಿದ್ದರೂ ಅಂಕಗಳ ಆಧಾರದ ಮೇಲೆ ಬಂದು ಹುಡುಕಬಹುದಾದ 'ಅವಕಾಶ ಕಾರ್ಡ್' ಜಾರಿಗೆ ಬಂತು. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ ವಿದೇಶಿಯರಲ್ಲಿ ಭಾರತೀಯರದ್ದೇ ಅತಿ ದೊಡ್ಡ ಗುಂಪು. 2024-25ರ ಚಳಿಗಾಲದ ಸೆಮಿಸ್ಟರಿನಲ್ಲಿ ಅವರ ಸಂಖ್ಯೆ ಸುಮಾರು 59 ಸಾವಿರ.

ಇನ್ನು ಕಚೇರಿಗಳ ವಿಷಯ. ವಿದೇಶದಿಂದ ಬಂದವರ ವಾಸದ ಪರವಾನಗಿಯನ್ನು ಇಲ್ಲಿ ಆಯಾ ನಗರ ಅಥವಾ ಜಿಲ್ಲೆಯ 'ಔಸ್‌ಲೆಂಡರ್ ಬೆಹೋರ್ಡೆ' ಎಂಬ ವಿದೇಶಿಯರ ಕಚೇರಿ ನೋಡಿಕೊಳ್ಳುತ್ತದೆ. ದೊಡ್ಡ ನಗರಗಳಲ್ಲಿ ಈ ಕಚೇರಿಗಳಿಗೆ ಸಿಬ್ಬಂದಿ ಸಾಲದು, ಕಡತಗಳು ಇನ್ನೂ ಕಾಗದದಲ್ಲಿವೆ, ಅಪಾಯಿಂಟ್‌ಮೆಂಟ್ ಸಿಗುವುದೇ ದೊಡ್ಡ ಕೆಲಸ. ನಾನು ಒಬ್ಬ ಹುಡುಗನ ಜೊತೆ ಹೋಗಿದ್ದ ಕಚೇರಿಯೊಂದರ ಮುಂದೆ ಬೆಳಕು ಹರಿಯುವ ಮುನ್ನವೇ ಸಾಲು ನಿಂತಿತ್ತು. ಕೈಗೂಸುಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡ ತಾಯಂದಿರು, ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಅದೇ ಸಮವಸ್ತ್ರದಲ್ಲಿ ಬಂದ ನರ್ಸುಗಳು ಆ ಸಾಲಿನಲ್ಲಿದ್ದರು. ಬಾಗಿಲು ತೆರೆದ ಮೇಲೆ ಚೀಟಿ ಸಿಕ್ಕಿದ್ದು ಮುಂದಿದ್ದ ಕೆಲವರಿಗೆ ಮಾತ್ರ.

ಆ ಹುಡುಗ ದಾವಣಗೆರೆಯವನು, ಸಾಫ್ಟ್‌ವೇರ್ ಕೆಲಸದವನು. ಪರವಾನಗಿ ಮುಗಿಯುವುದಕ್ಕೆ ತಿಂಗಳುಗಳ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿದ್ದ. ಉತ್ತರ ಬರುವ ಮೊದಲೇ ಅವಧಿ ಮುಗಿದಿತ್ತು, ಊರಿನಲ್ಲಿ ಅವನ ತಂದೆಗೆ ಹೃದಯದ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿತ್ತು. ಅವಧಿ ಮುಗಿಯುವ ಮುನ್ನ ಅರ್ಜಿ ಹಾಕಿದವರ ವಾಸ, ಕಚೇರಿಯ ತೀರ್ಮಾನ ಬರುವವರೆಗೆ ಕಾನೂನುಬದ್ಧವಾಗಿಯೇ ಮುಂದುವರಿಯುತ್ತದೆ. ಇದು ಇಲ್ಲಿನ ವಾಸ ಕಾಯ್ದೆಯ 81ನೇ ಕಲಮಿನಲ್ಲಿದೆ. ಆದರೆ ಹಾಗೆಂದು ಬರೆದುಕೊಟ್ಟ ಪ್ರಮಾಣಪತ್ರ ಕೈಯಲ್ಲಿಲ್ಲದೆ ದೇಶ ಬಿಟ್ಟರೆ ಮರಳಿ ಬರುವಾಗ ವಿಮಾನ ಹತ್ತಿಸಿಕೊಳ್ಳುವವರು ಯಾರು? ಪ್ರಮಾಣಪತ್ರ ಬೇಕೆಂದರೆ ಮತ್ತೆ ಅದೇ ಸಾಲು. ತಂದೆಯ ಶಸ್ತ್ರಚಿಕಿತ್ಸೆ ಮುಗಿದು, ಅವರು ಮನೆಗೆ ಬಂದು ನಡೆದಾಡುವಂತಾದ ಮೇಲೆ ಅವನ ಕೈಗೆ ಆ ಮಡಚಿದ ಕಾಗದ ಸಿಕ್ಕಿತು. ತೆರಿಗೆಯನ್ನೂ ಪಿಂಚಣಿಯ ವಂತಿಗೆಯನ್ನೂ ಒಂದು ದಿನ ತಪ್ಪದಂತೆ ಕಟ್ಟಿದ ಮನುಷ್ಯನಿಗೆ ಹೀಗಾಗಬಾರದು.

ನಮ್ಮಲ್ಲಿ 2012ರಿಂದ ಸಕಾಲ ಇದೆ. ನಿಗದಿತ ದಿನದೊಳಗೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ ಪರಿಹಾರ ಕೇಳುವ ಹಕ್ಕು ನಮ್ಮ ಹಳ್ಳಿಯ ರೈತನಿಗೂ ಇದೆ. ಇಲ್ಲಿಯೂ ಅರ್ಜಿ ಮೂರು ತಿಂಗಳು ಕದಲದೆ ಕುಳಿತರೆ ಆಡಳಿತ ನ್ಯಾಯಾಲಯಕ್ಕೆ ದೂರು ಕೊಡುವ ಅವಕಾಶವಿದೆ. ವಕೀಲರಿಂದ ಒಂದು ಪತ್ರ ಹೋದೊಡನೆ ಕಡತ ಕದಲಿದ್ದನ್ನು ನಾನು ಕಂಡಿದ್ದೇನೆ. ಇಂಥ ದಾರಿ ಇದೆ ಎಂದು ಹೊಸಬರಿಗೆ ಯಾರೂ ಹೇಳುವುದಿಲ್ಲ.

ಹೇಳಬೇಕಾದ ಸಣ್ಣ ಸಂಗತಿಗಳು ಇನ್ನೂ ಇವೆ, ಅವು ಸಣ್ಣವೆಂದು ತೋರುವುದು ದೂರದಿಂದ ಮಾತ್ರ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಪತ್ರ ಬೇಕು. ಅಂಚೆ ಡಬ್ಬಿಯ ಮೇಲೆ ತಮ್ಮ ಹೆಸರು ಅಂಟಿಸದಿದ್ದರೆ ಅಂಚೆಯವರು ಕಾಗದ ಹಾಕದೆ ಹಿಂದಿರುಗುತ್ತಾರೆ, ಹಾಗೆ ಹಿಂದಿರುಗಿದ್ದು ಬ್ಯಾಂಕಿನ ಕಾರ್ಡೋ ಪರವಾನಗಿಯ ಪತ್ರವೋ ಆಗಿರಬಹುದು. ನಾಲ್ಕೈದು ಜನ ಹುಡುಗರು ಒಂದೇ ಮನೆಯಲ್ಲಿದ್ದು ಒಬ್ಬನ ಹೆಸರಷ್ಟೇ ಡಬ್ಬಿಯ ಮೇಲಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಸರ್ಕಾರದ ಮುಖ್ಯ ನೋಟೀಸುಗಳು ಹಳದಿ ಲಕೋಟೆಯಲ್ಲಿ ಬರುತ್ತವೆ. ಅಂಚೆಯವರು ಲಕೋಟೆಯ ಮೇಲೆ ಪೆನ್ನಿನಲ್ಲಿ ತಾರೀಖು ಬರೆದು ಡಬ್ಬಿಗೆ ಹಾಕಿ ಹೋಗುತ್ತಾರೆ. ಆ ತಾರೀಖಿನಿಂದಲೇ ಆಕ್ಷೇಪಣೆಯ ಗಡುವು, ಸಾಮಾನ್ಯವಾಗಿ ಒಂದು ತಿಂಗಳು, ಓಡತೊಡಗುತ್ತದೆ. ಲಕೋಟೆ ಒಡೆದಿರಲಿಲ್ಲ, ಜರ್ಮನ್ ಬರುತ್ತಿರಲಿಲ್ಲ, ಊರಿಗೆ ಹೋಗಿದ್ದೆ ಎಂಬ ಕಾರಣಗಳು ಸುಲಭಕ್ಕೆ ನಡೆಯುವುದಿಲ್ಲ. ಮೂರು ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ಈ ಮಾತು ಬೆಂಗಳೂರಿನಲ್ಲೇ ಕಿವಿಗೆ ಬಿದ್ದಿದ್ದರೆ ಎಷ್ಟೋ ಜನರ ನೆಮ್ಮದಿ ಉಳಿಯುತ್ತಿತ್ತು.

ತಮ್ಮ ಇಲಾಖೆಗೆ ಅತಿ ಹತ್ತಿರದ್ದು ನರ್ಸುಗಳ ವಿಷಯ, ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ನಮ್ಮಲ್ಲಿ ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಇಲ್ಲಿ ನರ್ಸಿಂಗ್ ಎಂದರೆ ಬಹುಪಾಲು ಮೂರು ವರ್ಷದ ವೃತ್ತಿ ತರಬೇತಿ. ಹಾಗಾದರೆ ನಮ್ಮ ಪದವೀಧರೆ ಬಂದ ದಿನವೇ ಪೂರ್ಣ ನರ್ಸ್ ಆಗುತ್ತಾಳೆ ಎಂದು ಮನೆಯವರು ಭಾವಿಸುವುದು ಸಹಜ. ನಡೆಯುವುದು ಬೇರೆ. ಆಕೆಯ ಪಠ್ಯವನ್ನು ಇಲ್ಲಿನ ಪಠ್ಯದ ಜೊತೆ ವಿಷಯವಾರು, ಗಂಟೆವಾರು ಹೋಲಿಸಿ, ಎಲ್ಲಿ ಕಡಿಮೆಯಿದೆ ಎಂದು ತೋರಿಸುವ ಪತ್ರವೊಂದು ಬರುತ್ತದೆ. ಆ ಕೊರತೆಯನ್ನು ತುಂಬಲು ಆಕೆ ಒಂದೋ ಹೊಂದಾಣಿಕೆಯ ತರಬೇತಿ ಪಡೆಯಬೇಕು, ಇಲ್ಲವೇ ಜ್ಞಾನ ಪರೀಕ್ಷೆ ಎದುರಿಸಬೇಕು. ಜೊತೆಗೆ ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಎ1ರಿಂದ ಸಿ2ವರೆಗಿನ ಆರು ಮಟ್ಟಗಳಲ್ಲಿ ನಾಲ್ಕನೆಯದರ, ಜರ್ಮನ್ ಬೇಕು. ಅಷ್ಟರವರೆಗೆ ಆಕೆ ಸಹಾಯಕಿ, ಸಂಬಳವೂ ಸಹಾಯಕಿಯದ್ದೇ. ಜರ್ಮನಿಯ 16 ರಾಜ್ಯಗಳಿಗೂ ಈ ಕೆಲಸಕ್ಕೆ ತಮ್ಮವೇ ಕಚೇರಿಗಳಿವೆ, ಒಂದೊಂದು ಕಡೆ ಒಂದೊಂದು ವೇಗ.

ಹಾವೇರಿ ಜಿಲ್ಲೆಯ ಒಬ್ಬ ಹೆಣ್ಣುಮಗಳು ಹುಬ್ಬಳ್ಳಿಯ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ವರ್ಷಗಟ್ಟಲೆ ದುಡಿದು, ಏಜೆಂಟರೊಬ್ಬರ ಮೂಲಕ ಇಲ್ಲಿನ ವೃದ್ಧರ ಆರೈಕೆ ಕೇಂದ್ರವೊಂದಕ್ಕೆ ಬಂದಳು. ಇಲ್ಲಿ ರೋಗಿಯ ಮೈ ಒರೆಸುವುದು, ಊಟ ಮಾಡಿಸುವುದು, ಡೈಪರ್ ಬದಲಿಸುವುದು ನರ್ಸಿನ ಕೆಲಸದ ತಿರುಳು. ನಮ್ಮಲ್ಲಿ ಅದನ್ನು ಮನೆಯವರೋ ಆಯಾಗಳೋ ಮಾಡುತ್ತಾರೆ. ನಮ್ಮ ನರ್ಸುಗಳು ದಿನವೂ ಮಾಡುವ ರಕ್ತ ತೆಗೆಯುವ, ಕ್ಯಾನುಲಾ ಹಾಕುವ ಕೆಲಸ ಇಲ್ಲಿ ಬಹಳ ಕಡೆ ವೈದ್ಯರದ್ದು. "ಅಣ್ಣಾ, ಐಸಿಯುನಾಗ ವೆಂಟಿಲೇಟರ್ ನೋಡಿಕೋತಿದ್ದಾಕಿ ನಾನು, ಇಲ್ಲಿ ಒಂದು ಗುಳಿಗಿ ಕೊಡಬೇಕಂದ್ರೂ ಇನ್ನೊಬ್ಬರನ್ನ ಕೇಳಬೇಕು" ಎಂದು ಆಕೆ ಅಡುಗೆಮನೆಯ ಮೇಜಿನ ಮುಂದೆ ಕೂತು ಹೇಳಿದ್ದು ನನ್ನ ಕಿವಿಯಲ್ಲಿದೆ. ಮುದುಕರ ಮೈ ತೊಳೆಯುವುದು ಕೀಳು ಕೆಲಸವೆಂದು ಆಕೆ ಎಂದೂ ಅಂದವಳಲ್ಲ, ಇಲ್ಲಿಯ ಅಜ್ಜ ಅಜ್ಜಿಯರಿಗೆ ಆಕೆ ಅಚ್ಚುಮೆಚ್ಚು. ಕಲಿತ ವಿದ್ಯೆ ಕೈಬಿಟ್ಟುಹೋಗುತ್ತಿದೆ ಎಂಬುದು ಆಕೆಯ ಸಂಕಟ.

ಅದಕ್ಕಿಂತ ಹೆಚ್ಚು ಕಾಡಿದ್ದು ಕರಾರು. ಏಜೆಂಟರು ಮೊಬೈಲಿಗೆ ಕಳುಹಿಸಿದ ಜರ್ಮನ್ ಮತ್ತು ಇಂಗ್ಲಿಷ್ ಪಿ.ಡಿ.ಎಫ್. ಅನ್ನು ಒಂದು ಸಂಜೆಯೊಳಗೆ ಸಹಿ ಮಾಡಿ ಕಳುಹಿಸಬೇಕೆಂದು ಒತ್ತಾಯವಿತ್ತು. ನಿಗದಿತ ಅವಧಿಗೆ ಮೊದಲೇ ಕೆಲಸ ಬಿಟ್ಟರೆ ಭಾಷಾ ತರಬೇತಿಯ ಖರ್ಚು, ವಿಮಾನದ ಖರ್ಚು ಸೇರಿ ಸಾವಿರಾರು ಯೂರೋ ಹಿಂದಿರುಗಿಸಬೇಕೆಂಬ ಷರತ್ತು ಅದರ ಕೊನೆಯ ಪುಟದಲ್ಲಿತ್ತು. ಇಂಥ ಷರತ್ತುಗಳಲ್ಲಿ ಹಲವನ್ನು ಜರ್ಮನ್ ಕಾರ್ಮಿಕ ನ್ಯಾಯಾಲಯಗಳು ಅಸಿಂಧುವೆಂದು ತೀರ್ಪು ಕೊಟ್ಟಿವೆ. ಆದರೆ ಊರಿನಲ್ಲಿ ತಂದೆಯ ಹೆಸರಿನಲ್ಲಿ ಸಾಲ ಇರುವ ಹುಡುಗಿ ನ್ಯಾಯಾಲಯಕ್ಕೆ ಹೋಗುವ ಧೈರ್ಯ ಎಲ್ಲಿಂದ ತರಬೇಕು? ಆಕೆ ರಾತ್ರಿ ಪಾಳಿ ಮಾಡುತ್ತಲೇ ಓದಿ ಜ್ಞಾನ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಈಗ ಪೂರ್ಣ ನರ್ಸ್ ಆಗಿದ್ದಾಳೆ. ಆಕೆಯ ಜೊತೆ ಬಂದವರಲ್ಲಿ ಕೆಲವರು ಇನ್ನೂ ಸಹಾಯಕಿಯರೇ.

ನೆರೆಯ ಕೇರಳ ಈ ವಿಷಯದಲ್ಲಿ ಏನು ಮಾಡಿದೆ ಎಂಬುದನ್ನು ದಯವಿಟ್ಟು ಗಮನಿಸಿ. ಹೊರನಾಡಿನ ಕೇರಳಿಗರಿಗಾಗಿ ಇರುವ ಅಲ್ಲಿನ ಸರ್ಕಾರಿ ಸಂಸ್ಥೆ ನೋರ್ಕಾ 2021ರ ಡಿಸೆಂಬರ್‌ನಲ್ಲಿ ಜರ್ಮನಿಯ ಸರ್ಕಾರಿ ಉದ್ಯೋಗ ಸಂಸ್ಥೆಯೊಡನೆ 'ಟ್ರಿಪಲ್ ವಿನ್' ಒಪ್ಪಂದ ಮಾಡಿಕೊಂಡಿತು. ನರ್ಸ್ ತನ್ನ ಕೈಯಿಂದ ನೇಮಕದ ಶುಲ್ಕ ಕೊಡಬೇಕಾಗಿಲ್ಲ, ಭಾಷೆಯನ್ನು ಊರಿನಲ್ಲೇ ಕಲಿಸುತ್ತಾರೆ, ಇಲ್ಲಿ ಬಂದ ಮೇಲೆ ಮಾನ್ಯತೆಯ ಪರೀಕ್ಷೆ ಮುಗಿಯುವವರೆಗೂ ಕೇಳುವವರಿರುತ್ತಾರೆ. ನಮ್ಮ ಹೆಣ್ಣುಮಕ್ಕಳಲ್ಲಿ ಬಹುಪಾಲು ಮಂದಿ ಇನ್ನೂ ಏಜೆಂಟರ ಮೂಲಕವೇ ಬರುತ್ತಿರುವುದನ್ನು ನೋಡಿದಾಗ ನನಗೆ ನೋವಾಗುತ್ತದೆ.

ಇಂದಿನ ಕರೆಯನ್ನು ಕೇಳುವಾಗ ಹಿಂದಿನ ಕರೆಗಳನ್ನು ಮರೆಯಬಾರದು. 1960ರ ದಶಕದಿಂದ ಕೇರಳದ ಸಾವಿರಾರು ಯುವತಿಯರು ಚರ್ಚುಗಳ ಮೂಲಕ ಜರ್ಮನಿಯ ಆಸ್ಪತ್ರೆಗಳಿಗೆ ಬಂದರು. 70ರ ದಶಕದ ಕೊನೆಯ ಹೊತ್ತಿಗೆ ಕೆಲಸಗಾರರ ಕೊರತೆ ತಗ್ಗಿದಾಗ ಅವರಲ್ಲಿ ಹಲವರ ಪರವಾನಗಿಯನ್ನು ನವೀಕರಿಸದೆ ಕಳುಹಿಸಿಬಿಟ್ಟರು. ಆಮೇಲೆ 2000ದ ಆಗಸ್ಟ್‌ನಲ್ಲಿ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಅವರ ಸರ್ಕಾರ ಐ.ಟಿ.ಯವರಿಗಾಗಿ 'ಗ್ರೀನ್ ಕಾರ್ಡ್' ತಂದಿತು. ಹೆಸರು ಅಮೆರಿಕದ್ದಾದರೂ ಅದು ಶಾಶ್ವತ ವಾಸದ ಕಾರ್ಡ್ ಆಗಿರಲಿಲ್ಲ, ಐದು ವರ್ಷದ ಮಿತಿಯ ಪರವಾನಗಿ ಅಷ್ಟೇ. ಅದೇ ವರ್ಷ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದ ಚುನಾವಣೆಯಲ್ಲಿ ಸಂಪ್ರದಾಯವಾದಿ ಸಿ.ಡಿ.ಯು. ಪಕ್ಷದ ನಾಯಕ ಯುರ್ಗೆನ್ ರುಟ್‌ಗರ್ಸ್ ಅವರ ಪ್ರಚಾರದ ಜೊತೆ ಅಂಟಿಕೊಂಡ ಘೋಷಣೆ, 'ಭಾರತೀಯರ ಬದಲು ಮಕ್ಕಳು' ಎಂಬುದಾಗಿತ್ತು. ಬೆಂಗಳೂರಿನ ಎಂಜಿನಿಯರುಗಳಲ್ಲಿ ಎಷ್ಟೋ ಜನ ಆಗ ಅಮೆರಿಕದ ದಾರಿ ಹಿಡಿದರು. ಕರೆದವರೇ ಬಾಗಿಲಲ್ಲಿ ನಿಲ್ಲಿಸಿದರೆ ಬರುವವರು ಬೇರೆ ಮನೆ ನೋಡಿಕೊಳ್ಳುತ್ತಾರೆ.

ಇದು ಜರ್ಮನಿಯೊಂದರ ಕಥೆಯೂ ಅಲ್ಲ. ಬ್ರಿಟನ್ 2022ರಲ್ಲಿ ಆರೈಕೆ ಕೆಲಸಗಾರರಿಗೆ ವೀಸಾದ ಬಾಗಿಲು ತೆರೆದು, 2024ರ ಮಾರ್ಚ್‌ನಲ್ಲಿ ಅವರು ಕುಟುಂಬವನ್ನು ಕರೆತರುವುದನ್ನು ನಿಷೇಧಿಸಿ, 2025ರ ಜುಲೈ 22ರಿಂದ ಹೊರದೇಶದಿಂದ ಹೊಸ ನೇಮಕವನ್ನೇ ನಿಲ್ಲಿಸಿತು. ಐರ್ಲೆಂಡಿನಲ್ಲಿ 2025ರ ಬೇಸಿಗೆಯಲ್ಲಿ ಭಾರತೀಯರ ಮೇಲೆ ನಡೆದ ಹಲ್ಲೆಗಳ ನಂತರ ನಮ್ಮ ರಾಯಭಾರ ಕಚೇರಿ ಅಲ್ಲಿನ ಭಾರತೀಯರಿಗೆ ಎಚ್ಚರಿಕೆಯ ಸೂಚನೆ ಹೊರಡಿಸಬೇಕಾಯಿತು.

ಜರ್ಮನಿಯ ರಾಜಕೀಯವನ್ನು ಇಲ್ಲಿ ವಾಸಿಸುವವನಾಗಿ ನಾನು ಚಿಂತೆಯಿಂದಲೇ ನೋಡುತ್ತಿದ್ದೇನೆ. ವಲಸೆ ವಿರೋಧವನ್ನೇ ಬಂಡವಾಳ ಮಾಡಿಕೊಂಡ ಎ.ಎಫ್.ಡಿ. ಪಕ್ಷ 2024ರ ಸೆಪ್ಟೆಂಬರ್‌ನಲ್ಲಿ ಥುರಿಂಗಿಯಾ ರಾಜ್ಯದಲ್ಲಿ 32.8 ಶೇಕಡಾ ಮತ ಪಡೆದು ಮೊದಲ ಸ್ಥಾನಕ್ಕೆ ಬಂತು. 2025ರ ಫೆಬ್ರವರಿ 23ರ ಸಂಸತ್ ಚುನಾವಣೆಯಲ್ಲಿ 20.8 ಶೇಕಡಾ ಪಡೆದು ದೇಶದ ಎರಡನೆಯ ದೊಡ್ಡ ಪಕ್ಷವಾಯಿತು; ಅದರ ಹಿಂದಿನ ಚುನಾವಣೆಗಿಂತ ಇದು ಸುಮಾರು ಎರಡು ಪಟ್ಟು. ಅದಕ್ಕೆ ಕೆಲವೇ ವಾರಗಳ ಮೊದಲು, ಜನವರಿ 29ರಂದು, ವಲಸೆ ಬಿಗಿಗೊಳಿಸುವ ನಿರ್ಣಯವೊಂದು ಆ ಪಕ್ಷದ ಮತಗಳ ಬಲದಿಂದ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಅದಕ್ಕಿಂತ ಮೊದಲು ಇಂಥದ್ದು ನಡೆದಿರಲಿಲ್ಲ. ಈಗಿನ ಚಾನ್ಸಲರ್ ಫ್ರೀಡ್ರಿಖ್ ಮೆರ್ಜ್ 2025ರ ಅಕ್ಟೋಬರ್‌ನಲ್ಲಿ ವಲಸೆಯ ಬಗ್ಗೆ ಮಾತನಾಡುತ್ತ 'ನಗರದ ನೋಟದಲ್ಲಿ ಇನ್ನೂ ಈ ಸಮಸ್ಯೆ ಇದೆ' ಎಂಬರ್ಥದ ಮಾತಾಡಿದರು. ವಾಸದ ಹಕ್ಕಿಲ್ಲದ, ಕೆಲಸ ಮಾಡದ, ನಿಯಮ ಪಾಲಿಸದವರ ಬಗ್ಗೆ ತಾವು ಹೇಳಿದ್ದೆಂದು ಅವರು ಆಮೇಲೆ ವಿವರಿಸಿದರು. ಹೊರಗಿನಿಂದ ಬಂದ ಕೆಲಸಗಾರರಿಲ್ಲದೆ ದೇಶ ನಡೆಯದು ಎಂದೂ ಹೇಳಿದರು. ಆದರೆ ಬಸ್ ನಿಲ್ದಾಣದಲ್ಲಿ ನಿಂತ ಕಂದು ಬಣ್ಣದ ಮನುಷ್ಯನ ಜೇಬಿನಲ್ಲಿ ಯಾವ ಪರವಾನಗಿ ಇದೆಯೆಂದು ನೋಡುವವನ ಕಣ್ಣಿಗೆ ಕಾಣಿಸುವುದಿಲ್ಲ. ಆ ಮಾತಿನ ಭಾರವನ್ನು ಹೊತ್ತವರು ನಾವೆಲ್ಲರೂ.

ಇದಕ್ಕೆ ಎದುರಾಗಿ ನಿಂತ ಜರ್ಮನ್ನರನ್ನೂ ನಾನು ಕಂಡಿದ್ದೇನೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಬಲಪಂಥೀಯ ತೀವ್ರವಾದಿಗಳು ಪಾಟ್ಸ್‌ಡ್ಯಾಮ್‌ನಲ್ಲಿ ಸೇರಿ ವಲಸಿಗರನ್ನು ಸಾಮೂಹಿಕವಾಗಿ ಹೊರಹಾಕುವ ಮಾತಾಡಿದ್ದು 2024ರ ಜನವರಿಯಲ್ಲಿ ಬಯಲಾದಾಗ ಹ್ಯಾಂಬರ್ಗ್, ಮ್ಯೂನಿಕ್, ಬರ್ಲಿನ್ ಮೊದಲಾದ ನಗರಗಳಲ್ಲಿ ಲಕ್ಷಾಂತರ ಜನ ಕೊರೆಯುವ ಚಳಿಯಲ್ಲಿ ಬೀದಿಗಿಳಿದರು. ನಮ್ಮ ಊರಿನ ಸಣ್ಣ ಚೌಕದಲ್ಲಿಯೂ ಮುದುಕರು ಮೇಣದಬತ್ತಿ ಹಿಡಿದು ನಿಂತಿದ್ದರು. ನಮ್ಮ ಕಟ್ಟಡದ ಕೆಳಮನೆಯ ವೃದ್ಧೆ ಅದರ ಮರುದಿನ ನಮ್ಮ ಬಾಗಿಲು ಬಡಿದು, ತಾನು ಮಾಡಿದ ಕೇಕು ಕೊಟ್ಟು, ನೀವು ಇಲ್ಲಿಯೇ ಇರಬೇಕು ಎಂದು ನನ್ನ ಹೆಂಡತಿಯ ಕೈ ಹಿಡಿದು ಹೇಳಿ ಹೋದರು.

ನಿಯಮಗಳು ಹೇಗೆ ಬದಲಾಗುತ್ತವೆ ಎಂಬುದಕ್ಕೆ ಪೌರತ್ವದ ಉದಾಹರಣೆ ಸಾಕು. 2024ರ ಜೂನ್ 27ರಿಂದ ಪೌರತ್ವಕ್ಕೆ ಬೇಕಾದ ವಾಸ ಎಂಟು ವರ್ಷದಿಂದ ಐದಕ್ಕೆ ಇಳಿಯಿತು. ಭಾಷೆ, ಕೆಲಸ, ಸಮಾಜಸೇವೆಯಲ್ಲಿ ವಿಶೇಷ ಸಾಧನೆ ತೋರಿದವರಿಗೆ ಮೂರೇ ವರ್ಷವೆಂದಾಯಿತು. ಆ ಮೂರು ವರ್ಷದ ಅವಕಾಶವನ್ನು 2025ರ ಅಕ್ಟೋಬರ್‌ನಲ್ಲಿ ಸಂಸತ್ತು ರದ್ದು ಮಾಡಿತು. ಅದನ್ನೇ ನಂಬಿ ಸಂಜೆಗಳನ್ನೆಲ್ಲ ಭಾಷಾ ತರಗತಿಗೆ ಕೊಟ್ಟವರು ಮತ್ತೆ ಲೆಕ್ಕ ಹಾಕಬೇಕಾಯಿತು. ಜರ್ಮನಿ ಈಗ ಎರಡು ಪೌರತ್ವವನ್ನು ಒಪ್ಪುತ್ತದೆಯಾದರೂ ಭಾರತ ಒಪ್ಪುವುದಿಲ್ಲವಾದ್ದರಿಂದ, ಜರ್ಮನ್ ಪಾಸ್‌ಪೋರ್ಟ್ ಪಡೆದವರು ಭಾರತದ್ದನ್ನು ಒಪ್ಪಿಸಿ, ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಓ.ಸಿ.ಐ. ಕಾರ್ಡಿಗೆ ಅರ್ಜಿ ಹಾಕಬೇಕು.

ಆರ್ಥಿಕ ಸ್ಥಿತಿಯೂ ಕರಪತ್ರದಲ್ಲಿರುವಂತಿಲ್ಲ. ರಷ್ಯಾದ ಅಗ್ಗದ ಅನಿಲ 2022ರಲ್ಲಿ ನಿಂತಿತು, 2023 ಮತ್ತು 2024 ಎರಡೂ ವರ್ಷ ಜರ್ಮನಿಯ ಆರ್ಥಿಕತೆ ಕುಗ್ಗಿತು. ನಮ್ಮ ಎಂಜಿನಿಯರುಗಳು ಹೆಚ್ಚಾಗಿ ಸೇರುವ ವಾಹನ ಉದ್ಯಮಕ್ಕೇ ಪೆಟ್ಟು ಜೋರು. ಫೋಕ್ಸ್‌ವ್ಯಾಗನ್ 2030ರೊಳಗೆ 35,000 ಹುದ್ದೆಗಳನ್ನು ಕಡಿಮೆ ಮಾಡುವ ಒಪ್ಪಂದವನ್ನು 2024ರ ಡಿಸೆಂಬರ್‌ನಲ್ಲಿ ಮಾಡಿಕೊಂಡಿತು. ಬೆಂಗಳೂರಿಗೆ ಚೆನ್ನಾಗಿ ಪರಿಚಿತವಾದ ಬಾಷ್ 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 13,000 ಹುದ್ದೆಗಳ ಕಡಿತ ಪ್ರಕಟಿಸಿತು. ಕೊರತೆ ಇರುವುದು ಆಸ್ಪತ್ರೆಗಳಲ್ಲಿ, ವೃದ್ಧರ ಆರೈಕೆಯಲ್ಲಿ, ಎಲೆಕ್ಟ್ರಿಷಿಯನ್, ಪ್ಲಂಬರ್, ಬಸ್ ಚಾಲಕರಂಥ ಕೆಲಸಗಳಲ್ಲಿ. ಇಂಗ್ಲಿಷ್ ಮಾತ್ರ ಬಲ್ಲ, ಅನುಭವವಿಲ್ಲದ ಎಂಜಿನಿಯರಿಗೆ ಈಗ ಕೆಲಸ ಸಿಗುವುದು ಕಷ್ಟ. ಅವಕಾಶ ಕಾರ್ಡ್ ಹಿಡಿದು ಉಳಿತಾಯವೆಲ್ಲ ಕರಗಿಸಿ ಮರಳಿದ ಹುಡುಗರ ಪರಿಚಯ ನನಗಿದೆ.

ವಿದ್ಯಾರ್ಥಿಗಳ ಬಗ್ಗೆ ಎರಡು ಮಾತು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಬೋಧನಾ ಶುಲ್ಕವಿಲ್ಲ. ಆದರೆ ನಾನಿರುವ ಬಾಡನ್-ವುರ್ಟೆಂಬರ್ಗ್‌ನಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1,500 ಯೂರೋ ಕೊಡಬೇಕು. ಹೀಗಿರುವಾಗ ನಮ್ಮ ಮಕ್ಕಳು ಲಕ್ಷಗಟ್ಟಲೆ ಶುಲ್ಕದ ಖಾಸಗಿ ಸಂಸ್ಥೆಗಳಿಗೆ ಏಕೆ ಬರುತ್ತಾರೆ? ಆ ಸಂಸ್ಥೆಗಳು ಕನ್ಸಲ್ಟೆನ್ಸಿಗಳಿಗೆ ಕಮಿಷನ್ ಕೊಡುತ್ತವೆ, ಸರ್ಕಾರಿ ವಿಶ್ವವಿದ್ಯಾಲಯಗಳು ಕೊಡುವುದಿಲ್ಲ. ವೀಸಾಕ್ಕಾಗಿ ತಡೆಹಿಡಿದ ಖಾತೆಯಲ್ಲಿ 11,904 ಯೂರೋ, ಅಂದರೆ ಸುಮಾರು 12 ಲಕ್ಷ ರೂಪಾಯಿ, ಇಡಬೇಕು. ಅದು ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಮ್ಯೂನಿಕ್‌ನಂಥ ಊರಿನಲ್ಲಿ ಒಂದು ಕೋಣೆಯ ಬಾಡಿಗೆಗೇ ಅದರ ಬಹುಪಾಲು ಹೋಗುತ್ತದೆ, ಆರೋಗ್ಯ ವಿಮೆಗೆ ಮತ್ತೆ 140 ಯೂರೋದ ಆಸುಪಾಸು. ವರ್ಷಕ್ಕೆ 140 ಪೂರ್ಣ ದಿನಗಳ ಕೆಲಸಕ್ಕೆ ಅನುಮತಿಯಿದೆ. ಸಾಲದ ಕಂತಿಗೆ ಅದೂ ಸಾಲದೆ, ಮಳೆಯಲ್ಲಿ ಸೈಕಲ್ ಮೇಲೆ ಊಟದ ಡಬ್ಬಿ ಹೊತ್ತು ಅಲೆಯುತ್ತ ಪರೀಕ್ಷೆ ತಪ್ಪಿಸಿಕೊಂಡವರನ್ನು ನೋಡಿದಾಗ ಕರುಳು ಹಿಂಡುತ್ತದೆ.

ಇಷ್ಟೆಲ್ಲ ಬರೆದಿದ್ದಕ್ಕೆ ಬರಬೇಡಿ ಎಂಬುದು ನನ್ನ ಮಾತೆಂದು ದಯವಿಟ್ಟು ತಿಳಿಯಬಾರದು. ಈ ದೇಶ ದುಡಿಯುವವನಿಗೆ ಕೊಡುವ ರಕ್ಷಣೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಕಾಯಿಲೆ ಬಿದ್ದರೆ ಆರು ವಾರದವರೆಗೆ ಮಾಲೀಕರು ಪೂರ್ತಿ ಸಂಬಳ ಕೊಡಬೇಕು. ವರ್ಷಕ್ಕೆ ಕನಿಷ್ಠ ನಾಲ್ಕು ವಾರ ಸಂಬಳಸಹಿತ ರಜೆ ಕಾನೂನಿನ ಹಕ್ಕು. ಕೆಲಸದಿಂದ ತೆಗೆಯಬೇಕಾದರೆ ಕಾಗದದ ಮೇಲೆ ಸಹಿ ಮಾಡಿ ಕೊಡಬೇಕು, ವಾಟ್ಸ್‌ಆ್ಯಪ್ ಸಂದೇಶಕ್ಕೆ ಬೆಲೆಯಿಲ್ಲ. ಹಾಗೆ ತೆಗೆದದ್ದು ಅನ್ಯಾಯವೆನಿಸಿದರೆ ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದು. ಈ ಮೂರು ವಾರದ ಗಡುವು ತಿಳಿಯದೆ ಹಕ್ಕು ಕಳೆದುಕೊಂಡವರಿದ್ದಾರೆ. ಮಕ್ಕಳ ಸರ್ಕಾರಿ ಶಾಲೆಗೆ ಶುಲ್ಕವಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಅದು ಸಂವಿಧಾನದಲ್ಲೇ ಇರುವ ವಿಶ್ರಾಂತಿಯ ದಿನ. ಅಂದು ಅಂಗಡಿಯ ಕೆಲಸದ ಹೆಣ್ಣುಮಗಳೂ ಮಕ್ಕಳ ಜೊತೆ ಉದ್ಯಾನದಲ್ಲಿ ಕೂತಿರುವುದನ್ನು ನೋಡಿದಾಗ, ನಮ್ಮ ಊರಿನ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತೇ ದುಡಿಯುವ ಹುಡುಗಿಯರು ನೆನಪಾಗುತ್ತಾರೆ.

ಈ ಹಕ್ಕುಗಳೆಲ್ಲ ಕೈಗೆ ಬರುವುದು ಭಾಷೆಯಿಂದ. ಭಾಷೆ ಬಂದವರನ್ನು ಕಚೇರಿಯ ಗುಮಾಸ್ತರು ಬೇರೆಯಾಗಿಯೇ ಮಾತಾಡಿಸುತ್ತಾರೆ, ಬಿ1 ಮಟ್ಟದ ಜರ್ಮನ್ ಇರುವ, 'ಬ್ಲೂ ಕಾರ್ಡ್' ಎಂಬ ಉನ್ನತ ಅರ್ಹತೆಯ ಕೆಲಸಗಾರರ ಪರವಾನಗಿಯವರಿಗೆ ಶಾಶ್ವತ ವಾಸ 21 ತಿಂಗಳಿಗೇ ಸಿಗುತ್ತದೆ, ಇಲ್ಲದವರಿಗೆ 27. ಇಲ್ಲಿಂದ ದೂರವಲ್ಲದ ಟ್ಯೂಬಿಂಗನ್ ಪಟ್ಟಣದಲ್ಲಿ 1903ರಲ್ಲಿ ಕಣ್ಮುಚ್ಚಿದ ಫರ್ಡಿನಂಡ್ ಕಿಟೆಲ್ ಅವರು ಧಾರವಾಡ, ಮಂಗಳೂರುಗಳಲ್ಲಿ ಜನರ ನಡುವೆ ಬದುಕಿ ಕನ್ನಡ ಕಲಿತು 1894ರಲ್ಲಿ ನಿಘಂಟನ್ನೇ ಕೊಟ್ಟರು. ಅವರನ್ನು ನಾವು ಹೊರಗಿನವರೆಂದು ಎಣಿಸಿದ್ದಿಲ್ಲ. ನಮ್ಮ ಮಕ್ಕಳಿಗೂ ಆ ಕಲಿಕೆಯ ಅವಕಾಶ ಬೇಕು. ಸದ್ಯ ಕಲಬುರಗಿಯ ಹುಡುಗಿ ಜರ್ಮನ್ ಪರೀಕ್ಷೆಗೆ ಬೆಂಗಳೂರಿಗೆ ಬರಬೇಕು, ಪಿ.ಜಿ.ಯಲ್ಲಿ ಉಳಿದು ತಿಂಗಳುಗಟ್ಟಲೆ ಬಾಡಿಗೆ ಕಟ್ಟಬೇಕು. ಕಲಬುರಗಿ, ಬೆಳಗಾವಿ, ಮಂಗಳೂರು, ಶಿವಮೊಗ್ಗದ ಸರ್ಕಾರಿ ನರ್ಸಿಂಗ್ ಕಾಲೇಜುಗಳಲ್ಲೇ ಬಿ2ವರೆಗೆ ಜರ್ಮನ್ ಕಲಿಸುವ ವ್ಯವಸ್ಥೆಯಾದರೆ ಏಜೆಂಟರ ಅರ್ಧ ವ್ಯಾಪಾರ ತಾನಾಗಿಯೇ ನಿಲ್ಲುತ್ತದೆ.

ಉಳಿದ ಅರ್ಧಕ್ಕೆ ಕಾನೂನೇ ಇದೆ. 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ಯಾರೂ ವಿದೇಶಿ ಕೆಲಸಕ್ಕೆ ಜನರನ್ನು ನೇಮಿಸುವಂತಿಲ್ಲ, ನೋಂದಾಯಿತರೂ ಕೆಲಸಕ್ಕೆ ಹೋಗುವವರಿಂದ 30,000 ರೂಪಾಯಿ ಮತ್ತು ಜಿ.ಎಸ್.ಟಿ.ಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ಲಕ್ಷಗಟ್ಟಲೆ ಕೊಟ್ಟು ಬಂದವರೇ ನನಗೆ ಎದುರಾಗುತ್ತಾರೆ. ಜಿಲ್ಲೆಗಳಲ್ಲಿ ಯಾವ ಏಜೆಂಟರು ನೋಂದಾಯಿತರು, ಯಾರ ಮೇಲೆ ದೂರುಗಳಿವೆ ಎಂಬ ಪಟ್ಟಿಯನ್ನು ಪ್ರತಿ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯ ಗೋಡೆಗೆ ಹಚ್ಚಿಸುವುದು ತಮ್ಮ ಕೈಯಲ್ಲಿದೆ. ಇಲ್ಲಿಂದ ದೂರು ಬಂದರೆ ಕನ್ನಡದಲ್ಲಿ ಕೇಳಿಸಿಕೊಳ್ಳುವ ಒಬ್ಬ ಅಧಿಕಾರಿಯನ್ನು ನೇಮಿಸುವುದೂ ತಮ್ಮ ಕೈಯಲ್ಲಿದೆ.

ಜರ್ಮನಿಯ ಮಂತ್ರಿಗಳೂ ಉದ್ಯಮಿಗಳೂ ಬೆಂಗಳೂರಿಗೆ ಬಂದಾಗ ನಾವು ಹೂಡಿಕೆಯ ಬಗ್ಗೆ ಮಾತ್ರ ಮಾತಾಡುತ್ತೇವೆ. ಈಗ ಬೇಡಿಕೆ ಅವರದು, ಆದ್ದರಿಂದ ಷರತ್ತು ಹೇಳುವ ಬಲವೂ ನಮಗಿದೆ. ಮಾನ್ಯತೆಯ ಪತ್ರ ಎಷ್ಟು ತಿಂಗಳಲ್ಲಿ ಬರುತ್ತದೆ, ಹಣ ಹಿಂದಿರುಗಿಸುವ ಷರತ್ತನ್ನು ಕರಾರಿನಿಂದ ತೆಗೆಯುತ್ತೀರಾ, ಗಂಡ ಮಕ್ಕಳ ವೀಸಾ ಯಾವಾಗ, ಮೊದಲ ಆರು ತಿಂಗಳ ಮನೆ ಯಾರ ಜವಾಬ್ದಾರಿ ಎಂಬ ಪ್ರಶ್ನೆಗಳನ್ನು ನಮ್ಮ ಸರ್ಕಾರ ಮೇಜಿನ ಮೇಲಿಟ್ಟು ಲಿಖಿತ ಉತ್ತರ ಪಡೆಯಬೇಕು. ಸಾಲದ ಹಂಗಿನಲ್ಲಿರುವ ಒಬ್ಬಂಟಿ ಹುಡುಗಿ ಈ ಪ್ರಶ್ನೆಗಳನ್ನು ಕೇಳಲಾರಳು.

ಇಲಾಖೆಯ ಮೂಲಕ ಮುಂದಿನ ತಂಡ ಹೊರಡುವ ಮುನ್ನ ಅವರ ಕರಾರಿನ ಕನ್ನಡ ಪ್ರತಿಯನ್ನು ಸಹಿಗೆ ಕನಿಷ್ಠ ಎರಡು ವಾರ ಮೊದಲು ಅವರ ಕೈಗೆ ಕೊಡಿಸಬೇಕೆಂದು, ಅದರ ಜೊತೆಗೆ ಕಚೇರಿ, ಗಡುವು, ಹಕ್ಕುಗಳ ವಿವರವಿರುವ ಸಣ್ಣ ಕೈಪಿಡಿಯೊಂದನ್ನು ಕನ್ನಡದಲ್ಲಿ ಅಚ್ಚು ಹಾಕಿಸಬೇಕೆಂದು ವಿನಂತಿಸುತ್ತೇನೆ. ಜರ್ಮನಿಯ ಕಾಗದಗಳನ್ನು ಓದಿ ಕನ್ನಡಕ್ಕೆ ತರಬಲ್ಲ ನರ್ಸುಗಳು, ಎಂಜಿನಿಯರುಗಳು, ಕಾನೂನು ಬಲ್ಲವರು ಇಲ್ಲಿನ ಕನ್ನಡ ಸಂಘಗಳಲ್ಲಿದ್ದಾರೆ. ಇಲಾಖೆಯಿಂದ ಒಂದು ಅಧಿಕೃತ ಪತ್ರ ಬಂದರೆ ನಾವು ಕೆಲವರು ಸಂಭಾವನೆಯಿಲ್ಲದೆ ಈ ಕೆಲಸ ಮಾಡಿಕೊಡಲು ಸಿದ್ಧರಿದ್ದೇವೆ. ತಮ್ಮ ಉತ್ತರವನ್ನು ಎದುರು ನೋಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಜರ್ಮನಿಯಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ